ಬಾಗಿದ ಗೀಟಿನ ಬ್ರೆಡ್ಡು

"ಮುಟ್ಟಬೇಡಿ!"

ಕೌಂಟರಿನಲ್ಲಿದ್ದ ಅವಳ ಕೂಗಿಗೆ ಬೇಕರಿಗೆ ಬೇಕರಿಯೇ ಸ್ತಬ್ಧವಾಯಿತು.

ಬನ್ನಿಗೆ, ಬಿಸ್ಕತ್ತಿಗೆ ನಿಂತಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಬ್ರೆಡ್ಡು ಕೊಯ್ಯುವ ಚಾಕು ಹಲಗೆಯ ಮೇಲೆ ಬಿದ್ದಿತ್ತು. ಅವಳ ಎಡಗೈ ಹೆಬ್ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಎದುರಿಗೆ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಬಟ್ಟೆಯ ತುಂಡೊಂದನ್ನು ಹಿಡಿದು ಅವನು ನಿಂತಿದ್ದ. ಭಟ್ಟಿ ನೋಡಿಕೊಳ್ಳಲು ಅಂದೇ ಬೆಳಿಗ್ಗೆ ಕೆಲಸಕ್ಕೆ ಸೇರಿದ ಹೊಸ ಮಾಸ್ಟರ್.

ಪಾಪ, ಅವನು ಮಾಡಿದ್ದಾದರೂ ಏನು? ರಕ್ತ ಕಂಡವನೇ ಓಡಿ ಬಂದಿದ್ದ, ಅಷ್ಟೇ.

ಬೇರೆಯವರಾಗಿದ್ದರೆ, ಒಳ್ಳೆಯದು ಮಾಡಲು ಹೋದರೆ ಹೀಗಾ ಎಂದು ಮುಖ ಊದಿಸಿಕೊಳ್ಳುತ್ತಿದ್ದರು. ಅವನು ಬಟ್ಟೆಯನ್ನು ಹಲಗೆಯ ಮೇಲಿಟ್ಟು, ಒಂದೇ ಬೆರಳಿನಿಂದ ಅವಳ ಕಡೆಗೆ ತಳ್ಳಿ, ಹಿಂದಕ್ಕೆ ಸರಿದ.

"ಮುಟ್ಟಲ್ಲ. ಒಗೆದ ಬಟ್ಟೆ. ನೀವೇ ಸುತ್ಕೊಳ್ಳಿ."

ಆ ದನಿಯಲ್ಲಿ ಕೋಪವಿರಲಿಲ್ಲ. ಕುತೂಹಲವೂ ಇರಲಿಲ್ಲ. ಅದಕ್ಕೇ ಅವಳಿಗೆ ಅಳು ಬಂದಂತಾಯಿತು...

ಹಿಂದಿನ ಕೋಣೆಯ ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತು ಅವಳು ತನ್ನನ್ನೇ ಬೈದುಕೊಂಡಳು. 'ಅವರಿಗೆ ಏನೂ ಆಗಲ್ಲ ಅಂತ ಗೊತ್ತಿದ್ದೂ ಕೂಗಿಬಿಟ್ಟೆನಲ್ಲ... ಈ ಹೆದರಿಕೆ ನನ್ನನ್ನ ಯಾವಾಗ ಬಿಡುತ್ತೋ...'

ಅವಳ ಹೆದರಿಕೆಯ ಬೇರು ಎಲ್ಲಿತ್ತು ಅಂತ ಈಗಲೇ ಹೇಳಿಬಿಡುತ್ತೇನೆ. ಬಚ್ಚಿಟ್ಟು ಕಥೆ ಹೇಳುವುದು ನನಗೆ ಬರುವುದಿಲ್ಲ.

ಅವಳಿಗೆ ಎಚ್‌ಐವಿ ಇತ್ತು. ಗಂಡನಿಂದ ಬಂದದ್ದು. ಅವನು ಕಾಯಿಲೆಯನ್ನೂ ಹೇಳಲಿಲ್ಲ, ಹೋಗುತ್ತೇನೆಂದೂ ಹೇಳಲಿಲ್ಲ. ಅವನು ತೀರಿಕೊಂಡ ಮೇಲೆ ಅತ್ತೆ ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ದಿನ ಸೊಸೆಯ ಊಟದ ತಟ್ಟೆಯನ್ನು ತಿರುಗಿಸಿ, ಮೊಳೆಯಿಂದ ಅದರ ಅಂಚಿನಲ್ಲಿ ಒಂದು ಗೀಟು ಎಳೆದರು. ಮನೆಯಲ್ಲಿ ಬೇರೆ ಯಾರೂ ತಪ್ಪಿ ಆ ತಟ್ಟೆಯಲ್ಲಿ ಉಣ್ಣದಿರಲಿ ಎಂದು. ಬೈಗುಳವನ್ನು ಮರೆಯಬಹುದು. ಆ ಗೀಟು ಮಾತ್ರ ಪ್ರತಿ ತುತ್ತಿಗೂ ಬೆರಳಿಗೆ ತಾಗುತ್ತಿತ್ತು.

ಅವಳು ಆ ಮನೆ ಬಿಟ್ಟಳು. ಮಾತ್ರೆ ಬಿಡಲಿಲ್ಲ. ವರ್ಷಗಳಿಂದ ದಿನಕ್ಕೊಂದರಂತೆ ನುಂಗಿ, ಈಗ ಅವಳ ರಕ್ತದಲ್ಲಿ ವೈರಸ್ಸು ಹುಡುಕಿದರೂ ಕೈಗೆ ಸಿಗುವುದಿಲ್ಲ. ಬಾಳಸಂಗಾತಿಗೂ ನಿಮ್ಮಿಂದ ಇದು ಹರಡುವುದಿಲ್ಲ ಎಂದು ಡಾಕ್ಟರಮ್ಮ ಎಷ್ಟೋ ಸಲ ಹೇಳಿದ್ದರು. ತಲೆ ನಂಬಿತ್ತು. ಕೈ ಇನ್ನೂ ನಂಬಿರಲಿಲ್ಲ.

ಬೇಕರಿಯ ಯಜಮಾನಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ದೊಡ್ಡಮ್ಮ ಅವಳನ್ನು ಗುಬ್ಬಿ ಎನ್ನುತ್ತಿದ್ದರು, ತಿನ್ನುವುದು ಗುಬ್ಬಿಯಷ್ಟು ಎಂದು. ಕೌಂಟರಿನಲ್ಲಿ ಗುಬ್ಬಿಯಿಲ್ಲದಿದ್ದರೆ ದೊಡ್ಡಮ್ಮನಿಗೆ ಕೈಕಾಲು ಆಡುತ್ತಿರಲಿಲ್ಲ. ಏಕೆಂದರೆ ಬೆಂದ ಮೇಲೆ ಬ್ರೆಡ್ಡುಗಳೆಲ್ಲ ಒಂದೇ ಬಣ್ಣ. ಯಾವುದು ಯಾವುದೆಂದು ತಿಳಿಯಲು, ಭಟ್ಟಿಗೆ ಹಾಕುವ ಮೊದಲು ಮಾಸ್ಟರ್ ಹಸಿ ಹಿಟ್ಟಿನ ಮೇಲೆ ಬ್ಲೇಡಿನಿಂದ ಗೀಟು ಹಾಕುತ್ತಾನೆ. ಉದ್ದಕ್ಕೆ ಒಂದು ಗೀಟಿದ್ದರೆ ಸಾದಾ ಬ್ರೆಡ್ಡು. ಅಡ್ಡಕ್ಕೆ ಎರಡಿದ್ದರೆ ಸಿಹಿ. ಕತ್ತರಿಯಂತೆ ಒಂದರ ಮೇಲೊಂದಿದ್ದರೆ ಗೋಧಿಯದು. ಗೀಟೇ ಬ್ರೆಡ್ಡಿನ ಹೆಸರು. ಅವಳು ಆ ಹೆಸರುಗಳನ್ನು ದೂರದಿಂದಲೇ ಓದುತ್ತಿದ್ದಳು. ದೊಡ್ಡಮ್ಮನಿಗೆ ಮೂಗಿನ ಹತ್ತಿರ ಹಿಡಿದರೂ ಗೊತ್ತಾಗುತ್ತಿರಲಿಲ್ಲ.

ಬೆರಳು ಕುಯ್ದ ಆ ದಿನದ ಬಗ್ಗೆ ಮಾಸ್ಟರ್ ಮತ್ತೆ ಚಕಾರವೆತ್ತಲಿಲ್ಲ. ಮರುದಿನ ಮಾತ್ರ ಆ ಚಾಕುವಿಗೆ ಹೊಸ ಹಿಡಿ ಬಂದಿತ್ತು, ಕೈ ಜಾರದಂತೆ ದಾರ ಸುತ್ತಿದ್ದು.

ಅವನು ಹಾಗೆಯೇ. ಇವನ ಬಾಯಲ್ಲಿ ಮಾತು ಬರುವುದಕ್ಕಿಂತ ಮೊದಲು ಕೋಳಿ ಬಾಯಲ್ಲಿ ಹಲ್ಲು ಬರುತ್ತದೆ ಎಂದು ದೊಡ್ಡಮ್ಮ ಆಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಅವಳು ಭಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಬಿಸ್ಕತ್ತು ಪೊಟ್ಟಣ ಕಟ್ಟುವಳು. ಅವನು ಭಟ್ಟಿಯ ಬಾಯಿಯ ಬಳಿ ಕೂತು ಬೀಡಿ ಸೇದುವನು. ಅವಳು ಗಿರಾಕಿಗಳ ಕಥೆ ಹೇಳುವಳು. ಅವನು ಹೂಂ ಎನ್ನುವನು. ಹೀಗೆ ಹೂಂ ಹೂಂ ಎನ್ನುತ್ತಲೇ ಆ ಮನುಷ್ಯ ಯಾವಾಗ ತನ್ನೊಳಗೆ ಬಂದು ಕೂತನೋ ಅವಳಿಗೇ ತಿಳಿಯಲಿಲ್ಲ. ನಲವತ್ತು ದಾಟಿದ ಹೆಣ್ಣು ಕನ್ನಡಿಯ ಮುಂದೆ ಎರಡೆರಡು ಸಲ ನಿಲ್ಲತೊಡಗಿದಳು.

ಅಷ್ಟರಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರಲು ಶುರುವಾಯಿತು. ಒಮ್ಮೊಮ್ಮೆ ಎದೆಯಲ್ಲಿ ಯಾರೋ ಹಿಡಿದು ಹಿಂಡಿದಂತೆ...

ಡಾಕ್ಟರಮ್ಮ ಎಲ್ಲ ಕೇಳಿ, ರಕ್ತದೊತ್ತಡ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಏನೋ ಇದೆ ಎಂದೇ ಅರ್ಥ.

"ವೈರಸ್ಸು ಮಲಗಿದೆಯಮ್ಮ. ಆದ್ರೆ ಅದು ಮಲಗಿದೆ ಅಂತ ನಿಮ್ಮ ಮೈ ಪೂರ್ತಿ ನಂಬಿಲ್ಲ. ಕಾವಲುಗಾರ ಇನ್ನೂ ಕೋಲು ಹಿಡ್ಕೊಂಡು ಎದ್ದೇ ಕೂತಿದ್ದಾನೆ. ಒಳಗೊಳಗೇ ಒಂದು ಸಣ್ಣ ಉರಿಯೂತ, ಬೂದಿ ಮುಚ್ಚಿದ ಕೆಂಡದ ಹಾಗೆ. ಹೊರಗೆ ಕಾಣಲ್ಲ, ಜ್ವರ ಬರಲ್ಲ. ವರ್ಷಗಟ್ಟಲೆ ಹಾಗೇ ಇದ್ರೆ ರಕ್ತನಾಳದ ಗೋಡೆ ಹಾಳಾಗುತ್ತೆ. ಹೃದಯದ ತೊಂದರೆ ಬೇರೆಯವರಿಗಿಂತ ಬೇಗ ಬರಬಹುದು. ಮೂಳೆ, ಕಿಡ್ನಿ, ಎಲ್ಲದರ ಮೇಲೂ ಒಂದು ಕಣ್ಣಿಟ್ಟಿರಬೇಕು."

"ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ..." ಎಂದಳು ಅವಳು.

"ತಪ್ಪಿಸಿಲ್ಲ ಅಂತಾನೇ ಕೆಂಡ ಇಷ್ಟು ಸಣ್ಣದಿದೆ. ಹೆದರಿಸೋಕೆ ಹೇಳ್ತಿಲ್ಲಮ್ಮ, ನೋಡ್ಕೊಳ್ಳೋಕೆ ಹೇಳ್ತಿದ್ದೀನಿ."

ಕೊಲೆಸ್ಟ್ರಾಲಿನ ಮಾತ್ರೆಯೊಂದನ್ನು ಬರೆದುಕೊಟ್ಟರು, ಕೊಲೆಸ್ಟ್ರಾಲ್ ಹೆಚ್ಚಿಲ್ಲದಿದ್ದರೂ ನಿಮ್ಮಂಥವರ ಹೃದಯಕ್ಕೆ ಅದು ಕಾವಲು ಎಂದರು. ಉಪ್ಪು ಕಡಿಮೆ ಮಾಡಲು, ಹೊಗೆಯಿಂದ ದೂರವಿರಲು, ದಿನಾ ನಡೆಯಲು ಹೇಳಿದರು. ಮುಂದಿನ ವಾರ ರಕ್ತ ಪರೀಕ್ಷೆಗೆ, ಹೃದಯದ ಸ್ಕ್ಯಾನಿಗೆ ಬರಬೇಕೆಂದರು.

ಅವಳಿಗೆ ಕೇಳಿಸಿದ್ದು ಒಂದೇ ಮಾತು. ಬೂದಿ ಮುಚ್ಚಿದ ಕೆಂಡ...

ಅಂದು ಸಂಜೆ ಬೇಕರಿಯಲ್ಲಿ ಅವನು ದಿನದಂತೆ ಭಟ್ಟಿ ಮುಚ್ಚುತ್ತಿದ್ದ. ಆ ಭಟ್ಟಿಯನ್ನು ಯಾವತ್ತೂ ಪೂರ್ತಿ ಆರಿಸುವುದಿಲ್ಲ. ಕೆಂಡವನ್ನೆಲ್ಲ ಹಿಂದಕ್ಕೆ ಗೋರಿ, ಮೇಲೆ ಬೂದಿ ಹರಡಿ ಬಿಡುತ್ತಾನೆ. ಬೆಳಿಗ್ಗೆ ಬೂದಿ ಸರಿಸಿ ನಾಲ್ಕು ಚಕ್ಕೆ ಇಟ್ಟರೆ ಸಾಕು, ಭಗ್ಗನೆ ಹತ್ತಿಕೊಳ್ಳುತ್ತದೆ. ಎಷ್ಟೋ ಸಲ ನೋಡಿದ್ದ ಆ ಕೆಲಸವನ್ನು ಇವತ್ತು ನೋಡಲಾಗದೆ ಅವಳು ಮುಖ ತಿರುಗಿಸಿದಳು.

ವಿಧಿಗೆ ಬೇರೆ ದಿನವೇ ಸಿಗಲಿಲ್ಲವೋ ಏನೋ, ಅವನು ಬಾಯಿ ಬಿಟ್ಟಿದ್ದೂ ಅದೇ ದಿನ.

"ಕೌಂಟರಮ್ಮ, ನಂಗೆ ಸುತ್ತಿ ಬಳಸಿ ಹೇಳೋಕೆ ಬರಲ್ಲ. ಮನೇಲಿ ದಿನಾ ಗೋಡೆ ನೋಡ್ಕೊಂಡು ಉಣ್ತೀನಿ. ಎದುರಿಗೆ ನೀವಿದ್ರೆ ಚೆನ್ನಾಗಿರುತ್ತೆ."

ಎಷ್ಟು ದಿನದಿಂದ ಈ ಮಾತಿಗೆ ಕಾದಿದ್ದಳು! ಬಂದಾಗ ಮಾತ್ರ ಅವಳ ಕಾಲ ಕೆಳಗಿನ ನೆಲ ಅಲುಗಿತು. ಅವಳು ಎಲ್ಲವನ್ನೂ ಹೇಳಿದಳು. ಕಾಯಿಲೆಯ ಹೆಸರು, ಗಂಡ, ಮಾತ್ರೆ, ಯಾರಿಗೂ ಹರಡುವುದಿಲ್ಲ ಎಂಬುದು. ಆಮೇಲೆ ಅಂದಿನ ಹೊಸ ಸುದ್ದಿ. ತಟ್ಟೆಯ ವಿಷಯವೊಂದನ್ನು ಬಿಟ್ಟು ಎಲ್ಲವನ್ನೂ. ಅದು ಬಾಯಿಗೆ ಬರಲಿಲ್ಲ.

ಅವನು ಸಲಿಕೆ ಹಿಡಿದೇ ಎಲ್ಲವನ್ನೂ ಕೇಳಿದ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ, ಡಾಕ್ಟರು ಏನೇನು ಬಿಡಬೇಕು ಅಂದರು ಎಂದು.

ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದವನು, ಉತ್ತರ ಕೇಳುವುದು ಬಿಟ್ಟು ಇದನ್ನು ಕೇಳುತ್ತಾನಲ್ಲ! ಅಳುತ್ತಲೇ, ಬೇಸರದಿಂದಲೇ, ಉಪ್ಪು ಅಂತೆ, ಹೊಗೆ ಅಂತೆ, ಇನ್ನೂ ಏನೇನೋ ಅಂತೆ ಎಂದಳು. ಅವನು ತಲೆಯಾಡಿಸಿ, ಸಲಿಕೆ ಒರಗಿಸಿಟ್ಟು ಹೊರಟುಹೋದ.

ಮನೆಯಲ್ಲಿ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ಮಲಗಿದಳು. ಲಬ್ ಡಬ್... ಒಂದು ಬಡಿತ ತಪ್ಪಿತೇ? ಹೊಟ್ಟೆಯ ವಾಯುವೋ ಹೃದಯದ ನೋವೋ? ಹೊಸ ಮಾತ್ರೆಯ ಪಟ್ಟಿ ಒಡೆಯದೆ ಮೇಜಿನ ಮೇಲಿತ್ತು. ಅದನ್ನು ನುಂಗಿದರೆ ಕೆಂಡವಿದೆ ಎಂದು ಒಪ್ಪಿಕೊಂಡಂತೆ... 'ನಾಳೆ ಅವರು ನನ್ನ ಮುಖ ನೋಡ್ತಾರೋ ಇಲ್ವೋ...'

ಬೆಳಿಗ್ಗೆ ಬೇಕರಿಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು.

ಅವಳ ಸ್ಟೂಲು ಭಟ್ಟಿಯ ಪಕ್ಕದಲ್ಲಿರಲಿಲ್ಲ. ಅಷ್ಟು ದೂರದ ಕಿಟಕಿಯ ಬಳಿ ಇತ್ತು. ಅದನ್ನು ಯಾರು ಸರಿಸಿದರೆಂದು ಕೇಳಬೇಕಾಗಿರಲಿಲ್ಲ. ಅವನು ಮುಖ ಕೊಟ್ಟು ಮಾತಾಡಲಿಲ್ಲ. ಮಧ್ಯಾಹ್ನ ಅವಳ ಬಳಿ ಬರಲೂ ಇಲ್ಲ, ಹಿತ್ತಲಿನಲ್ಲಿ ಒಬ್ಬನೇ ಹಿಟ್ಟಿನ ತಟ್ಟೆ ಹಿಡಿದು ಏನೋ ಮಾಡುತ್ತಿದ್ದ. ಮರುದಿನವೂ ಹಾಗೇ. ಅದರ ಮರುದಿನವೂ...

ಆಮೇಲೆ ಒಂದು ಮಧ್ಯಾಹ್ನ ಅವನು ಬಂದ. ಬೇರೆ ಕಾಗದದಲ್ಲಿ ಸುತ್ತಿದ ಒಂದು ಪುಟ್ಟ ಬ್ರೆಡ್ಡನ್ನು ಕೌಂಟರಿನ ಮೇಲಿಟ್ಟ.

"ಇನ್ಮೇಲೆ ನಿಮಗೆ ಇದು. ಬೇರೆ ಬ್ರೆಡ್ಡು ಮುಟ್ಟಬೇಡಿ," ಎಂದು ಕಿವಿ ಕೆಂಪಗೆ ಮಾಡಿಕೊಂಡು ಒಳಗೆ ಹೋದ.

ಅವಳು ಕಾಗದ ಬಿಡಿಸಿದಳು. ಬ್ರೆಡ್ಡಿನ ಮೇಲೆ ಒಂದು ಗೀಟು! ಉದ್ದದ್ದಲ್ಲ, ಅಡ್ಡದ್ದಲ್ಲ. ಎಳೆಯ ಚಂದ್ರನಂತೆ ಬಾಗಿದ ಗೀಟು. ಈ ಬೇಕರಿಯಲ್ಲಿ ಯಾವ ಬ್ರೆಡ್ಡಿಗೂ ಇಲ್ಲದ ಗುರುತು.

ಬೆರಳ ತುದಿಗೆ ಅದು ತಾಗಿದ್ದೇ ತಡ, ಹದಿಮೂರು ವರ್ಷ ಹಿಂದಿನ ತಟ್ಟೆ ಕೈಗೆ ಬಂದಂತಾಯಿತು.

'ಇವರೂ... ಇವರೂ ನಂಗೆ ಗೀಟು ಎಳೆದ್ರು.'

ಒಂದು ಚೂರೂ ಮುರಿಯದೆ ಬ್ರೆಡ್ಡನ್ನು ಅಲ್ಲೇ ಬಿಟ್ಟು, ತಲೆನೋವೆಂದು ದೊಡ್ಡಮ್ಮನಿಗೆ ಹೇಳಿ ಅವಳು ಮನೆಗೆ ಹೋದಳು. ಮರುದಿನ ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಅವನು ಬಾಗಿಲಿಗೆ ಬಂದು ಎರಡು ಸಲ ತಟ್ಟಿದ. ಅವಳು ಉಸಿರು ಬಿಗಿಹಿಡಿದು ಒಳಗೇ ಕೂತಳು. ಸ್ಕ್ಯಾನಿಗೂ ಹೋಗಬಾರದೆಂದು ತೀರ್ಮಾನಿಸಿದಳು. ಕಾಯುವವರಿಲ್ಲದ ಮೇಲೆ ಆ ಹೃದಯ ಹೇಗಿದ್ದರೇನು?

ಮೂರನೆಯ ದಿನ ಬಾಗಿಲು ಮುರಿದುಹೋಗುವ ಹಾಗೆ ಬಡಿದದ್ದು ದೊಡ್ಡಮ್ಮ. ಆ ಬಡಿತಕ್ಕೆ ತೆಗೆಯದಿದ್ದರೆ ಬಾಗಿಲೇ ಉಳಿಯುತ್ತಿರಲಿಲ್ಲ.

"ಸತ್ತಿಲ್ಲ ತಾನೇ? ಸರಿ. ಇದನ್ನ ನೋಡು," ಎಂದು ಚೀಲದಿಂದ ಅರ್ಧ ತಿಂದ ಬ್ರೆಡ್ಡೊಂದನ್ನು ತೆಗೆದು ಅವಳ ಮಡಿಲಿಗೆ ಎಸೆದರು. "ನೀನಿಲ್ದೆ ನನ್ನ ಮಾನ ಮೂರು ಕಾಸಿಗೆ ಹೋಯ್ತು ಕಣೇ ಗುಬ್ಬಿ. ಕಪಾಟಿನಲ್ಲಿ ಇದ್ದಿದ್ದನ್ನ ಇದ್ದಿದ್ದಂಗೆ ಮಾರ್ದೆ. ಯಾವ ಗೀಟು ಯಾವುದಕ್ಕೆ ಅಂತ ನಂಗೇನು ಗೊತ್ತು? ಆ ಮೂಲೆ ಮನೆ ಮೇಷ್ಟ್ರು ವಾಪಸ್ ತಂದು ನಾಲ್ಕು ಜನರ ಮುಂದೆ ಕೇಳ್ತಾರೆ, ಏನಮ್ಮಾ, ಉಪ್ಪಿಗೂ ಬರ ಬಂತಾ ನಿಮ್ಮ ಬೇಕರೀಲಿ ಅಂತ!"

ಅವಳು ಅದನ್ನು ಎತ್ತಿ ನೋಡಿದಳು. ಬ್ರೆಡ್ಡಿನ ಮೇಲೆ ಬಾಗಿದ ಗೀಟಿತ್ತು.

"ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಮಾಡಿದವರೇನು ಹುಚ್ಚರಾ? ಆ ಮಾಸ್ಟರಿಗೆ ಏನು ಗ್ರಹಚಾರ ಹಿಡಿದಿದ್ಯೋ, ವಾರದಿಂದ ಇದೇ ಆಟ. ಮೊದ್ಲು ಮಾಡಿದ್ದು ಚಪ್ಪಟೆ ಆಯ್ತು. ಆಮೇಲಿಂದು ಬಿಳಚಿಕೊಂಡು ಕೂತ್ಕೊಳ್ತು. ಹಿತ್ತಲಲ್ಲಿ ನಾಯಿಗೂ ಬೇಡವಾದ ಬ್ರೆಡ್ಡು ಗುಡ್ಡೆ ಬಿದ್ದಿದೆ. ಬೀಡಿ ಬೇರೆ ಬಿಟ್ಟುಬಿಟ್ಟಿದ್ದಾನೆ, ಸಿಡಿಮಿಡಿ ಅಂತಾನೆ..."

ದೊಡ್ಡಮ್ಮ ಮಾತಾಡುತ್ತಲೇ ಇದ್ದರು. ಅವಳು ಒಂದು ಚೂರು ಮುರಿದು ಬಾಯಿಗಿಟ್ಟಳು.

ಉಪ್ಪಿರಲಿಲ್ಲ. ಹುರಿದ ಎಳ್ಳಿನ ಘಮವಿತ್ತು, ಎಲ್ಲೋ ನಿಂಬೆಯ ಸಿಪ್ಪೆಯ ಹುಳಿ. ಉಪ್ಪಿಲ್ಲದ ಸಪ್ಪೆಯನ್ನು ನಾಲಿಗೆಗೆ ಮರೆಸಲು ಯಾರೋ ಪಟ್ಟ ಪಾಡೆಲ್ಲ ಆ ಚೂರಿನಲ್ಲಿತ್ತು.

ಡಾಕ್ಟರು ಏನೇನು ಬಿಡಬೇಕು ಅಂದರು... ಉಪ್ಪು ಅಂತೆ, ಹೊಗೆ ಅಂತೆ...

ಭಟ್ಟಿಯ ಹೊಗೆಯಿಂದ ದೂರ, ಕಿಟಕಿಯ ಗಾಳಿಗೆ ಸರಿದ ಸ್ಟೂಲು. ಬಿಟ್ಟ ಬೀಡಿ.

"ಅಯ್ಯೋ, ಬ್ರೆಡ್ಡು ಅಷ್ಟು ಕೆಟ್ಟದಾಗಿದ್ಯಾ? ಅಳ್ತಿದ್ದೀಯಲ್ಲೇ!" ಎಂದು ದೊಡ್ಡಮ್ಮ ಗಾಬರಿಯಾದರು.

ಅವಳು ಬೇಕರಿ ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಅವನು ಭಟ್ಟಿಯ ಮುಂದೆ ಕೆಂಡ ಗೋರುತ್ತಿದ್ದ. ಅವಳನ್ನು ಕಂಡು ಸಲಿಕೆ ಹಿಡಿದೇ ನಿಂತ. ಕಣ್ಣು ಗುಳಿ ಬಿದ್ದಿದ್ದವು.

"ನೀವು ನನ್ನನ್ನ ದೂರ ಇಟ್ರಿ ಅಂದ್ಕೊಂಡೆ," ಎಂದಳು.

"ದೂರ ಇಟ್ಟಿದ್ದು ಹೊಗೆನ."

"ಮೊದಲೇ ಹೇಳೋಕೇನಾಗಿತ್ತು ಮಾಸ್ಟ್ರೇ?"

"ಉಪ್ಪಿಲ್ದಿದ್ರೆ ಹಿಟ್ಟು ಮಾತು ಕೇಳಲ್ಲ. ಬೇಗ ಉಬ್ಬುತ್ತೆ, ಬೇಗ ಕೂರುತ್ತೆ. ಬಾಯಿಗೆ ಹಿಡಿಸೋ ಹಾಗಾದ್ಮೇಲೆ ಹೇಳೋಣ ಅಂತಿದ್ದೆ." ಅವನು ನೆಲ ನೋಡಿದ. "ಅಷ್ಟರಲ್ಲಿ ನೀವು ಬಾಗಿಲು ಹಾಕ್ಕೊಂಡ್ರಿ. ನನ್ನನ್ನ ಬೇಡ ಅಂದ್ರಿ ಅಂದ್ಕೊಂಡೆ."

ಆಗ ಅವಳು ತಟ್ಟೆಯ ಕಥೆ ಹೇಳಿದಳು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು, ಮೊಳೆಯ ಸದ್ದಿನ ಸಮೇತ. ಕೇಳುತ್ತ ಕೇಳುತ್ತ ಅವನ ಮುಖ ಕಪ್ಪಿಟ್ಟಿತು. ಕಪಾಟಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದ. ಬಾಗಿದ ಗೀಟಿನ ಬ್ರೆಡ್ಡು, ಅರ್ಧ ಖಾಲಿ.

"ಇದು ನನ್ನ ಮಧ್ಯಾಹ್ನದ ಊಟ. ವಾರದಿಂದ ನಾನೂ ಇದನ್ನೇ ತಿಂತಿದ್ದೀನಿ. ಈ ಗೀಟು ನಿಮಗೊಬ್ಬರಿಗೆ ಅಲ್ಲ, ನಮ್ಮಿಬ್ಬರ ಮನೆ ಬ್ರೆಡ್ಡು ಅಂತ ಹಾಕಿದ್ದು." ಅವನ ದನಿ ಸಣ್ಣಗಾಯಿತು. "ಬೇಡ ಅಂದ್ರೆ ಇನ್ಮೇಲೆ ಗೀಟು ಹಾಕಲ್ಲ."

"ಹಾಕಿ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಇಲ್ದಿದ್ರೆ ದೊಡ್ಡಮ್ಮ ಮತ್ತೆ ಮೇಷ್ಟ್ರಿಗೆ ಮಾರ್ತಾರೆ."

ಅವನು ನಕ್ಕ. ಅವಳು ನಗಲು ಹೋದಳು, ಆದರೆ ಎದೆಯೊಳಗೆ ಕೂತಿದ್ದ ಹೆದರಿಕೆ ಅಷ್ಟು ಸುಲಭಕ್ಕೆ ಏಳುವಂಥದ್ದಲ್ಲ. ಭಟ್ಟಿಯೊಳಗೆ ಕೆಂಡ ಮಿನುಗುತ್ತಿತ್ತು.

"ನಾನು ಅರ್ಧದಲ್ಲೇ ಹೋಗ್ಬಿಟ್ರೆ? ಇದು ಆರಲ್ಲಂತೆ ಮಾಸ್ಟ್ರೇ. ಬೂದಿ ಮುಚ್ಚಿದ ಕೆಂಡ ಅಂದ್ರು. ನೀವು ಮತ್ತೆ ಗೋಡೆ ನೋಡ್ಕೊಂಡು ಉಣ್ಣೋ ಹಾಗಾದ್ರೆ?"

ಅವನು ಭಟ್ಟಿಯ ಕಡೆ ನೋಡಿದ. ಸಲಿಕೆಯಿಂದ ಬೂದಿ ತೆಗೆದು, ಮಗುವಿಗೆ ಹೊದಿಸುವಂತೆ ಮೆಲ್ಲಗೆ ಕೆಂಡದ ಮೇಲೆ ಹರಡಿದ. ಆಮೇಲೆ ಹೇಳಿದ್ದು, ಅವಳೊಡನೆ ಅವನು ಅಲ್ಲಿಯವರೆಗೆ ಆಡಿದ ಅತಿ ಉದ್ದದ ಮಾತು.

"ಹುಡುಗನಾಗಿದ್ದಾಗಿಂದ ಬೂದಿ ಮುಚ್ಚಿದ ಕೆಂಡದ ಜೊತೇಲೇ ಬದುಕಿದ್ದೀನಿ. ಅದರ ಮುಂದೆ ಹೆದರಿ ಓಡೋ ಹಾಗಿಲ್ಲ, ಮರೆತು ಮಲಗೋ ಹಾಗೂ ಇಲ್ಲ. ದಿನಾ ಬಂದು ನೋಡ್ಬೇಕು. ಒಬ್ಬರಿಗೆ ಆಗದ ದಿನ ಇನ್ನೊಬ್ಬರು ನೋಡ್ಬೇಕು. ನಾಳೆ ಏನಾಗುತ್ತೋ ನಂಗೂ ಗೊತ್ತಿಲ್ಲ ಕೌಂಟರಮ್ಮ. ಆದ್ರೆ ನೋಡ್ಕೊಳ್ಳೋ ಕೆಲಸ ನಂಗೆ ಬರುತ್ತೆ."

 ಅವಳು ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಹೋಗಿ ಕೂತು, ಅವನ ಅರ್ಧ ಬ್ರೆಡ್ಡನ್ನು ಮುರಿದು ಒಂದು ತುಂಡು ತಾನಿಟ್ಟುಕೊಂಡು ಇನ್ನೊಂದನ್ನು ಅವನತ್ತ ಚಾಚಿದಳು. ಮನೆಗೆ ಹೋದ ಮೇಲೆ ಆ ಹೊಸ ಮಾತ್ರೆಯ ಪಟ್ಟಿಯನ್ನೂ ಒಡೆದಳು.

ಪರೀಕ್ಷೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಸ್ಕ್ಯಾನ್ ಕೋಣೆಯ ಬಾಗಿಲು ತೆರೆದಾಗಲೆಲ್ಲ ಅವಳು ಬೆಚ್ಚಿ ಆ ಕಡೆ ನೋಡುತ್ತಿದ್ದಳು. ಅವನು ಹೊಸ ಅಂಗಿ ಹಾಕಿಕೊಂಡಿದ್ದ. ಕಿವಿಯ ಹಿಂದೆ ಮಾತ್ರ ಹಿಟ್ಟು ಹಾಗೇ ಇತ್ತು.

ಮೊದಲು ರಕ್ತ ತೆಗೆಯಲು ಕರೆದರು, ಇಬ್ಬರೂ ಒಳಗೆ ಹೋಗಿ ಕೂತರು. ಸೂಜಿ ಹಿಡಿದ ನರ್ಸಮ್ಮ ಅವನತ್ತ ಕಣ್ಣು ಹಾಯಿಸಿ, "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದರು.

ಅವನು ಗಲಿಬಿಲಿಯಾಗಿ ಎದ್ದು ಹೊರಗೆ ಹೋಗಲು ನೋಡಿದ.

"ನಮ್ಮ ಮನೆಯವರು," ಎಂದಳು ಅವಳು.

ಅವನು ನಿಂತಲ್ಲೇ ನಿಂತ. ಕಿವಿಗಳೆರಡೂ ಭಟ್ಟಿಯಂತೆ ಕೆಂಪಗಾದವು.

ರಕ್ತ ತೆಗೆದು, ಸೂಜಿ ಚುಚ್ಚಿದಲ್ಲಿ ಹತ್ತಿಯ ಉಂಡೆಯಿಟ್ಟು ನರ್ಸಮ್ಮ ಹೊರಟರು. ಸ್ವಲ್ಪ ಹೊತ್ತು ಒತ್ತಿ ಹಿಡಿಯಲು ಹೇಳಿದ್ದರು. ಹೆದರಿಕೆಯಿಂದ ಸ್ಕ್ಯಾನ್ ಕೋಣೆಯ ಕಡೆಗೇ ನೋಡುತ್ತ ಅವಳು ಒತ್ತುವುದನ್ನೇ ಮರೆತಳು. ಹತ್ತಿಯ ಮೇಲೆ ಒಂದು ಕೆಂಪು ಚುಕ್ಕೆ ಮೂಡಿತು.

ಅವನು ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದ, ಮೊದಲ ದಿನ ನಿಂತಿದ್ದಂತೆಯೇ.

"ಕೌಂಟರಮ್ಮ... ನಾನು ಹಿಡ್ಕೊಳ್ಲಾ?"

ಎದುರಿನ ಸ್ಕ್ಯಾನ್ ಕೋಣೆಯ ಬಾಗಿಲು ಮತ್ತೆ ತೆರೆಯಿತು. ಒಳಗಿನಿಂದ ಯಾರೋ ಅವಳ ಸರದಿಯೆಂದು ಕೂಗಿದರು. ಒಳಗೆ ಏನು ಕಾಣಿಸಲಿದೆಯೋ ಅವಳಿಗೆ ಗೊತ್ತಿರಲಿಲ್ಲ. 

ಅವಳು ತೋಳನ್ನು ಅವನತ್ತ ಚಾಚಿದಳು.

"ಹಿಡ್ಕೊಳ್ಳಿ. ಬಿಡಬೇಡಿ."